ತೌವುಗಳು ಕಿತ್ತ ಹದಿನೈದನೆಯ ಬೆಳೆ

ನಾವೈಬುಲದಲ್ಲಿ ವಿಲಿಕೇಸನನ್ನು ವಿಲಿಕೇಸ ಎಂದು ಕರೆಯುವವಳು ಅವನ ಹೆಂಡತಿ ಕೆಲೆರಾ ಒಬ್ಬಳೇ. ಅದೂ ಸಿಟ್ಟು ಬಂದಾಗ ಮಾತ್ರ. ಉಳಿದವರಿಗೆಲ್ಲ ಅವನು ಕಿಲೋ. ಒಂದು ಭಾನುವಾರ ಪಾದ್ರಿಗಳೇ ಬಾಯಿ ತಪ್ಪಿ, "ಈಗ ಕಿಲೋ ಅವರು ಪ್ರಾರ್ಥನೆ ನಡೆಸಿಕೊಡ್ತಾರೆ" ಎಂದುಬಿಟ್ಟಿದ್ದರು. ಇಡೀ ಚರ್ಚು ಬಾಯಿಗೆ ಬೀಸಣಿಗೆ ಅಡ್ಡ ಹಿಡಿದು ನಕ್ಕಿತ್ತು. ಕೆಸುವಿನ ಗಡ್ಡೆಯನ್ನು ಕಿತ್ತು ಬೇಯಿಸಿ ತಿನ್ನುವ ಊರಿನಲ್ಲಿ, ಕಿತ್ತು ತೂಗಿ ಬರೆದಿಡುವವನಿಗೆ ಬೇರೆ ಯಾವ ಹೆಸರು ಇಟ್ಟಾರು?

ಹಾಗಂತ ವಿಲಿಕೇಸ ಹುಟ್ಟಿನಿಂದಲೇ ತೂಗುವವನಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಕೊಬ್ಬರಿ ಒಣಗಿಸುವ ಕೊಟ್ಟಿಗೆಯಲ್ಲಿ ನಾಲ್ಕು ವರ್ಷ ದುಡಿದು, ಆಮೇಲೆ ಅಪ್ಪನ ನೆಲದಲ್ಲಿ ಕೆಸು ನೆಟ್ಟ. ತವೆಯುನಿ ದ್ವೀಪದ ಕಪ್ಪು ಮಣ್ಣಿಗೆ ಕೋಲು ಚುಚ್ಚಿದರೂ ಚಿಗುರುತ್ತದೆ ಎಂದು ನಂಬಿದ್ದ ಕಾಲ ಅದು. ಒಂದು ಬೆಳೆ ಕಿತ್ತ ವಾರಕ್ಕೇ ಅದೇ ಗುಣಿಗೆ ಇನ್ನೊಂದು ಸಸಿ, ಅದರ ಬುಡಕ್ಕೆ ಒಂದು ಹಿಡಿ ಚೀಲದ ಗೊಬ್ಬರ. ಇಪ್ಪತ್ತೈದು ವರ್ಷ ಹೀಗೇ ನಡೆಯಿತು. ಒಂದು ಹಿಡಿ ಎರಡು ಹಿಡಿಯಾಯಿತು, ಎರಡು ಮೂರಾಯಿತು. ಗಡ್ಡೆ ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣದಾಗಿ, ಕೊನೆಗೆ ಮುಷ್ಟಿಗಾತ್ರಕ್ಕೆ ಇಳಿಯಿತು. ಹಡಗಿಗೆ ಗಡ್ಡೆ ಆರಿಸುವವರು ಅವನ ಮೂಟೆಗಳನ್ನು ಪಕ್ಕಕ್ಕೆ ಸರಿಸಿದರು. ಗುದ್ದಲಿ ಹಾಕಿದರೆ ನೆಲ ಠಣ್ ಎನ್ನುತ್ತಿತ್ತು.

ಆಗಲೇ ಊರ್ಮಿಳಾ ದತ್ತ ಬಂದದ್ದು. ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಿದ್ದಿದ್ದ ಹುಡುಗಿ, ಕಬ್ಬು ಬೆಳೆಯುವವರ ಮನೆಯವಳು, ಮಣ್ಣಿನ ಸಂಶೋಧನೆಯ ಕಚೇರಿಯಲ್ಲಿ ಹೊಸದಾಗಿ ಸೇರಿದ್ದಳು. ತುಂಬಾ ವರ್ಷ ನಡೆಯುವ ಒಂದು ಪ್ರಯೋಗಕ್ಕೆ ಸ್ವಲ್ಪ ನೆಲ ಬೇಕು ಎಂದು ಊರಿನ ಹಿರಿಯರ ಮುಂದೆ ಕೂತು ಕೇಳಿದಳು. ವಿಲಿಕೇಸ ತನ್ನ ದಣಿದ ನೆಲವನ್ನೇ ಕೊಟ್ಟ. "ಅದಕ್ಕೇನಾಗಿದೆ ಅಂತ ನಂಗೂ ತಿಳಿಬೇಕು" ಎಂದ.

ಅವಳು ಹಗ್ಗ ಹಿಡಿದು ಹನ್ನೆರಡು ತಾಕುಗಳನ್ನು ಅಳೆದಳು. ಒಂದೊಂದರಲ್ಲೂ ನಲವತ್ತು ಗಿಡ. ಮೂರು ತಾಕಿಗೆ ಏನೂ ಇಲ್ಲ. ಮೂರಕ್ಕೆ ಚೀಲದ ಗೊಬ್ಬರ. ಮೂರರಲ್ಲಿ ಕೆಸು ನೆಡುವ ಮೊದಲು ಆರು ತಿಂಗಳು ನಸುಗುನ್ನಿ ಬಳ್ಳಿ, ತುರಿಸದ ಜಾತಿಯದು, ಹಬ್ಬಿ ಕೊಳೆತು ಮಣ್ಣಿಗೆ ಸೇರಬೇಕು. ಉಳಿದ ಮೂರಕ್ಕೆ ನಸುಗುನ್ನಿಯ ಜೊತೆ ಅರ್ಧ ಗೊಬ್ಬರ. ಯಾವ ತಾಕಿಗೆ ಯಾವುದು ಎಂದು ಅವಳು ಚೀಟಿ ಎತ್ತಿದಾಗ ವಿಲಿಕೇಸನಿಗೆ ಅವಮಾನವಾದಂತಾಯಿತು.

"ಇಷ್ಟು ಓದಿ ಕೊನೆಗೆ ಚೀಟಿ ಎತ್ತೋದಾ?"

"ಹೂಂ ಮೋಮೋ," ಎಂದಳು ಊರ್ಮಿಳಾ. ಮೊದಲ ದಿನದಿಂದಲೂ ಅವನನ್ನು ಸೋದರಮಾವನನ್ನು ಕರೆಯುವಂತೆ ಮೋಮೋ ಎಂದೇ ಕರೆದಳು. "ನಂಗೂ ನಿಮಗೂ ಒಂದೊಂದು ತಾಕಿನ ಮೇಲೆ ಪ್ರೀತಿ ಬರತ್ತೆ. ಒಳ್ಳೇದನ್ನ ಒಳ್ಳೆ ಜಾಗಕ್ಕೇ ಹಾಕ್ತೀವಿ. ಚೀಟಿಗೆ ಪ್ರೀತಿ ಇಲ್ಲ ನೋಡಿ."

ಪ್ರೀತಿಯ ವಿಷಯ ಅವನಿಗೆ ಆಮೇಲೆ ಅರ್ಥವಾಯಿತು. ಏನೂ ಹಾಕದ ಮೂರು ತಾಕುಗಳ ಎದುರು ನಿಲ್ಲುವುದೇ ಕಷ್ಟ. ಹಳದಿ ಎಲೆ, ಬೆರಳುಗಾತ್ರದ ದಂಟು. ಒಂದು ಬುಟ್ಟಿ ಸೊಪ್ಪು ತಂದು ಸುರಿದುಬಿಡಲು ಕೈ ತುರಿಸುತ್ತಿತ್ತು. ಸುರಿಯಲಿಲ್ಲ. ಅವುಗಳ ಹತ್ತಿರ ಹೋಗಿ, "ನಿಮ್ಮಿಂದಾನೇ ಮಿಕ್ಕವರ ಲೆಕ್ಕ ಗೊತ್ತಾಗೋದು, ತಡ್ಕೊಳ್ರಪ್ಪ" ಎಂದು ಹೇಳಿ ಬರುತ್ತಿದ್ದ. "ಮಕ್ಕಳಿಗೆ ಜ್ವರ ಬಂದಾಗ್ಲೂ ಇಷ್ಟು ಮಾತಾಡ್ಸಿಲ್ಲ" ಎಂದು ಕೆಲೆರಾ ಹಂಗಿಸುತ್ತಿದ್ದಳು.

ಹೀಗೆ ಹದಿನೆಂಟು ವರ್ಷ ಕಳೆಯಿತು. ಬಳ್ಳಿಯ ಸರದಿ, ಕೆಸುವಿನ ಸರದಿ ಸೇರಿ ಅಷ್ಟು ವರ್ಷಕ್ಕೆ ಹದಿನಾಲ್ಕು ಬೆಳೆ ಮುಗಿದು ಹದಿನೈದನೆಯದು ನಿಂತಿತ್ತು. ವಿಲಿಕೇಸನಿಗೆ ಅರವತ್ತೊಂದು. ಒಂದು ಗುದ್ದಲಿ ಮಣ್ಣೆತ್ತಿ ಅದರಲ್ಲಿನ ಎರೆಹುಳು ಎಣಿಸುವುದನ್ನು ಅವನು ಕಲಿತಿದ್ದ. ಗೊಬ್ಬರದ ತಾಕಿನಲ್ಲಿ ನಾಲ್ಕೋ ಐದೋ ಸಿಕ್ಕರೆ ನಸುಗುನ್ನಿಯ ತಾಕಿನಲ್ಲಿ ನಲವತ್ತು ದಾಟುತ್ತಿತ್ತು. ಗಟ್ಟಿ ರಟ್ಟಿನ ಅವನ ಪುಸ್ತಕದಲ್ಲಿ ಬೆಳೆಗೊಂದು ಸಾಲು, ಸಾಲಿಗೆ ಹನ್ನೆರಡು ಮನೆ. ಹದಿನಾಲ್ಕು ಸಾಲಿನಲ್ಲೂ ಒಂದು ಮನೆ ಖಾಲಿ ಇರಲಿಲ್ಲ. ಚಂಡಮಾರುತ ಬಂದು ಊರಿನ ಅರ್ಧ ಮಾಡುಗಳು ಹಾರಿದ ವರ್ಷವೂ, ತನ್ನ ಮಾಡು ಕಟ್ಟುವ ಮೊದಲು ಮುರಿದ ಗಿಡಗಳ ಗಡ್ಡೆ ಕಿತ್ತು ತೂಗಿದ್ದ. ಆಗ ಕೆಲೆರಾ ಅವನನ್ನು ಒಂದು ವಾರ ವಿಲಿಕೇಸ ಎಂದೇ ಕರೆದಳು.

ಹದಿನೈದನೆಯ ಬೆಳೆಯ ಮೇಲೆ ಎಲ್ಲರ ಕಣ್ಣಿತ್ತು. ಹಿಂದಿನ ಸಲ ಬರೀ ನಸುಗುನ್ನಿಯ ತಾಕು ಮೊದಲ ಬಾರಿಗೆ ಚೀಲದ ಗೊಬ್ಬರದ ತಾಕನ್ನು ಮೀರಿಸಿತ್ತು. ಅದು ಆಕಸ್ಮಿಕವೋ ನಿಜವೋ ಈ ಸಲ ಗೊತ್ತಾಗಬೇಕು. ಇದನ್ನು ನೋಡಿಕೊಂಡೇ ಪ್ರಯೋಗ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಊರ್ಮಿಳಾ ಕಚೇರಿಗೆ ಬರೆಯಬೇಕಿತ್ತು. ಸೋಮವಾರ ಕೀಳುವುದೆಂದು ಗೊತ್ತುಮಾಡಿ, ಅವಳು ಶನಿವಾರದ ಹಡಗಿಗೇ ಬರುತ್ತೇನೆಂದಳು.

ಅದೇ ವಾರ ಚರ್ಚಿನ ಹೊಸ ಮಾಡಿನ ಸಮರ್ಪಣೆ. ಹಾಡಲು ಕಂಡಾವು ದ್ವೀಪದ ನಾಲೋಟು ಊರಿನ ಮೇಳ ಶುಕ್ರವಾರವೇ ಬಂದಿಳಿಯಿತು. ನಾಲೋಟುವಿನವರೆಂದರೆ ನಾವೈಬುಲಕ್ಕೆ ತೌವು. ಎರಡೂ ಊರಿನ ಮೂಲದೇವರು ಅಣ್ಣತಮ್ಮಂದಿರಂತೆ. ಆ ನಂಟಿನ ಹಕ್ಕಿನಲ್ಲಿ ಒಬ್ಬರ ಊರಿಗೆ ಇನ್ನೊಬ್ಬರು ಬಂದಾಗ ಬಾಯಿಗೆ ಬಂದಂತೆ ಹಂಗಿಸಬಹುದು, ಕಣ್ಣಿಗೆ ಬಿದ್ದ ಹಂದಿ, ಚಾಪೆ, ಕೆಸು ಏನನ್ನಾದರೂ ಕೇಳದೆ ಎತ್ತಿಕೊಳ್ಳಬಹುದು. ಕಳೆದುಕೊಂಡವರು ಸಿಟ್ಟಾಗುವಂತಿಲ್ಲ.

ಶನಿವಾರ ಬೆಳಿಗ್ಗೆ ವಿಲಿಕೇಸ ಊರ್ಮಿಳಾಳನ್ನು ಹಡಗುಕಟ್ಟೆಯಿಂದ ಕರೆದುಕೊಂಡು ಗಾಡಿಯಲ್ಲಿ ಗುಡ್ಡ ಹತ್ತಿ ಬಂದರೆ, ದಾರಿಯಲ್ಲೇ ಕೆಲೆರಾ ನಿಂತಿದ್ದಳು. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು.

"ಏನಾಯ್ತೇ?"

"ನಗು ತಡೀತಿದೀನೋ ಅಳು ತಡೀತಿದೀನೋ ನಂಗೇ ಗೊತ್ತಾಗ್ತಿಲ್ಲ. ತೌವುಗಳು ನಿನ್ನ ಹೊಲಕ್ಕೆ ಹೋಗಿದ್ರು."

ವಿಲಿಕೇಸ ಓಡಿದ. ಅರವತ್ತೊಂದರ ಮಂಡಿ ಓಡಬಲ್ಲಷ್ಟು ಓಡಿದ. ಹೊಲದ ನಾಲ್ಕು ಮೂಲೆಯ ನಾಲ್ಕು ತಾಕುಗಳು ಬೋಳಾಗಿದ್ದವು. ಮೇಳದಲ್ಲಿ ತೆಳುದನಿಯಿಂದ ದಪ್ಪದನಿಯವರೆಗೆ ನಾಲ್ಕು ದನಿಯ ಗುಂಪುಗಳು. ಒಂದೊಂದು ದನಿಯವರು ಒಂದೊಂದು ಮೂಲೆ ಹಿಡಿದು, ಯಾರು ಮೊದಲು ಮುಗಿಸುತ್ತಾರೆ ಎಂದು ಪಂದ್ಯ ಕಟ್ಟಿ, ಹಾಡುತ್ತಾ ಕಿತ್ತಿದ್ದರಂತೆ. ಚೀಟಿ ಎತ್ತಿದಾಗ ನಾಲ್ಕು ಮೂಲೆಗೆ ನಾಲ್ಕು ಬಗೆ ಬಿದ್ದಿತ್ತು. ಈಗ ಒಂದೊಂದು ಬಗೆಯದೂ ಒಂದೊಂದು ತಾಕು ಹೋಗಿತ್ತು.

ಊರ್ಮಿಳಾ ಬದುವಿನ ಮೇಲೆ ಕೂತುಬಿಟ್ಟಳು. "ಮೋಮೋ, ಎಲ್ಲಾ ಒಂದೇ ರಾಶಿಗೆ ಹಾಕಿದ್ರೆ ಮುಗೀತು. ಯಾವ ಗಡ್ಡೆ ಯಾವ ತಾಕಿಂದು ಅಂತ ದೇವರಿಗೂ ಗೊತ್ತಾಗಲ್ಲ."

ವಿಲಿಕೇಸನ ಎದೆಯಲ್ಲಿ ಸಿಟ್ಟು ಕುದಿಯುವ ಹಾಲಿನಂತೆ ಏರಿ, ಹೊರಗೆ ಬರುವ ದಾರಿ ಇಲ್ಲದೆ ಹಾಗೇ ಇಳಿಯಿತು. ತೌವು ಮಾಡಿದ್ದಕ್ಕೆ ಯಾರ ಹತ್ತಿರ ಹೇಳಿಕೊಳ್ಳುವುದು? ಅವನು ಗುಣಿಗಳ ನಡುವೆ ನಿಧಾನವಾಗಿ ನಡೆಯತೊಡಗಿದ. ಕೆಳಗಿನ ಮೂಲೆಯಲ್ಲಿ ಬಾಳೆಯ ಪಟ್ಟೆ ಸುಲಿದಿದ್ದರು. ಬೇಲಿಯ ಕಡೆಯ ಮೂಲೆಯಲ್ಲಿ ಕಾಡು ದಾಸವಾಳದ ತೊಗಟೆ ಎಳೆದಿದ್ದರು. ಮೂರನೆಯ ಮೂಲೆಯಲ್ಲಿ ಎಳೆ ತೆಂಗಿನ ಗರಿಗೆ ಎಲೆ ಇರಲಿಲ್ಲ. ಮೇಲಿನ ಮೂಲೆಯಲ್ಲಿ, ಬದುವಿಗೆ ತಾನಾಗಿ ಹಬ್ಬಿದ್ದ ನಸುಗುನ್ನಿಯ ಬಳ್ಳಿಯನ್ನು ಉದ್ದಕ್ಕೆ ಕತ್ತರಿಸಿದ್ದರು.

"ಕಟ್ಟು ಕಟ್ಟಿದಾರೆ," ಎಂದ. "ಹತ್ತತ್ತು ಗಡ್ಡೆ ಕಟ್ಟೋಕೆ ಕೈಗೆ ಸಿಕ್ಕಿದ್ದನ್ನ ಕಿತ್ಕೊಂಡಿದಾರೆ. ಏಳಮ್ಮ, ಒಲೆಯ ಕಲ್ಲು ಕಾಯೋದ್ರೊಳಗೆ ಹೋಗಬೇಕು."

ಸಭಾಭವನದ ಅಂಗಳದಲ್ಲಿ ನೆಲದ ಒಲೆಯ ಗುಂಡಿಯಲ್ಲಿ ಕಲ್ಲುಗಳು ಆಗಲೇ ಕಾಯುತ್ತಿದ್ದವು. ಪಕ್ಕದಲ್ಲಿ ಕೆಸುವಿನ ಕಟ್ಟುಗಳು ದಂಟು ಮೇಲಾಗಿ ಸೊಂಟದೆತ್ತರಕ್ಕೆ ಒಂದೇ ಗೋಡೆಯಂತೆ ನಿಂತಿದ್ದವು. ಗೋಡೆಯ ಮುಂದೆ ಮೇಳದ ಯಜಮಾನಿ ತರಾಯ್ವಿನಿ ಕಾಲು ಚಾಚಿ ಕೂತಿದ್ದಳು. ಅರವತ್ತರ ಹತ್ತಿರದ ದೊಡ್ಡ ಹೆಂಗಸು. ಅವಳ ದನಿ ಮೈಕಿಲ್ಲದೆ ಬಂದರು ಮುಟ್ಟುತ್ತಿತ್ತು.

"ಬಂದಾ ಕಿಲೋ! ನಿನ್ನ ಹೊಲದ ಮೂಲೆಗೆ ನಮ್ಮ ತೆಳುದನಿ ಗಂಡಸರು ಹೋಗಿದ್ರು. ಇಲಿಮರಿಗಾತ್ರದ ಗಡ್ಡೆ! ಹದಿನೆಂಟು ವರ್ಷ ಓದಿ ಬೆಳೆದಿದ್ದು ಇದೇನಾ?"

ತೆಳುದನಿಯವನೊಬ್ಬ ಹಿಂದಿನಿಂದ ಕೂಗಿದ: "ಆ ಮೂಲೆಗೆ ದೇವರ ಕಣ್ಣೇ ಬಿದ್ದಿಲ್ಲ ತೌವು!"

ಎಲ್ಲರೂ ವಿಲಿಕೇಸನ ಮುಖ ನೋಡಿದರು. ಅವನು ನಕ್ಕ. "ತೌವುಗಳ ಹಲ್ಲಿಗೆ ತಕ್ಕ ಗಡ್ಡೆ ಅಂತ ಅಲ್ಲಿ ಬೆಳೆದಿದ್ದೆ. ಹೇಗೋ ನಿಮ್ಮೂರಲ್ಲಿ ಹಲ್ಲಿರೋರು ಕಮ್ಮಿ."

ಅಂಗಳ ಹೋ ಎಂದಿತು. ತರಾಯ್ವಿನಿ ಕೈ ತಟ್ಟಿದಳು. "ಯಾವ ಕಟ್ಟು ಯಾವ ಮೂಲೇದು ಅಂತ ತಿಳ್ಕೊಳೋಕೆ ಬಂದಿದೀಯ ಅಲ್ವಾ? ಕೆಲೆರಾ ಹೇಳಿದ್ಲು. ಹೇಳ್ತೀನಿ. ಒಂದೊಂದು ಮೂಲೆಗೆ ಒಂದೊಂದು ಕುಣಿತ. ಸೊಂಟ ಬಿಟ್ಟು ಕುಣೀಬೇಕು."

"ನೀನು ಹೇಳೋದೇನೂ ಬೇಡ," ಎಂದ ವಿಲಿಕೇಸ. ಗೋಡೆಯ ಉದ್ದಕ್ಕೂ ನಡೆದು, ಒಂದೊಂದು ಕಟ್ಟಿನ ಕುತ್ತಿಗೆಗೆ ಬೆರಳು ಮುಟ್ಟಿಸುತ್ತಾ ಹೋದ. "ಬಾಳೆಪಟ್ಟೆ. ಇವು ಕೆಳಗಿನ ಮೂಲೆ, ಬಳ್ಳಿ ಮತ್ತು ಅರ್ಧ ಗೊಬ್ಬರ. ದಾಸವಾಳದ ತೊಗಟೆ, ಬೇಲಿ ಪಕ್ಕ, ಚೀಲದ ಗೊಬ್ಬರ. ತೆಂಗಿನ ಗರಿ, ಏನೂ ಹಾಕದ್ದು, ಇಲಿಮರಿ. ನಸುಗುನ್ನಿ ಬಳ್ಳಿ..." ಅಲ್ಲಿ ಅವನ ಬೆರಳು ಒಂದು ಕ್ಷಣ ನಿಂತಿತು. ಕಟ್ಟಿನಲ್ಲಿದ್ದ ಗಡ್ಡೆಗಳು ಅವನ ಮೊಣಕಾಲಿನಷ್ಟು ದಪ್ಪ ಇದ್ದವು. "ಇವು ಮೇಲಿನ ಮೂಲೆ. ಬರೀ ಬಳ್ಳಿ."

ವಿಲಿಕೇಸ ತಿರುಗಿ ನಿಂತು, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದ: "ನಾನೂ ನಿಮಗೆ ತೌವು. ನಿಮ್ಮ ಮುಂದೆ ಇರೋ ಈ ಕೆಸು ಅಷ್ಟೂ ನಾನು ಎತ್ಕೊಂಡು ಹೋಗ್ತಾ ಇದೀನಿ. ಯಾರೂ ಸಿಟ್ಟಾಗಂಗಿಲ್ಲ."

ಮೊದಲು ನಕ್ಕವಳು ತರಾಯ್ವಿನಿಯೇ. ನಗುತ್ತಾ ಹಿಂದಕ್ಕೆ ಬಿದ್ದು ಚಾಪೆಯ ಮೇಲೆ ಉರುಳಿದಳು. "ಕದ್ದ ಮಾಲನ್ನ ಕದೀತಾನಲ್ಲೋ! ಏಳ್ರೋ, ಹೊರ್‍ರೋ! ಎಲ್ಲಿಗೆ ಹೊರಬೇಕು ಹೇಳು ಕಿಲೋ."

"ಎಲ್ಲಿಗೂ ಬೇಡ. ತಕ್ಕಡೀನ ಇಲ್ಲಿಗೇ ತರ್ತೀನಿ. ತೂಗಿದ ಮೇಲೆ ಒಲೆಗೆ ಹಾಕ್ಕೊಳಿ."

ಹಲಸಿನ ಜಾತಿಯ ದೊಡ್ಡ ದೀವಿ ಮರದ ಕೊಂಬೆಗೆ ತಕ್ಕಡಿ ತೂಗಿಬಿಟ್ಟರು. ಹೆಂಗಸರು ಕೂತು ದಂಟು ಬೇರು ಸವರಿದರು. ಊರ್ಮಿಳಾ ಕಟ್ಟುಗಳನ್ನು ಬೇರೆ ಬೇರೆ ಚಾಪೆಗೆ ಹಾಕಿಸಿ, ಒಂದೂ ಬೆರೆಯದಂತೆ ಕಾವಲು ನಿಂತಳು. ಕಳೆದ ವಾರವಷ್ಟೇ ವಿಲಿಕೇಸ ಪ್ರತಿ ತಾಕಿನಲ್ಲೂ ಉಳಿದಿದ್ದ ಗಿಡ ಎಣಿಸಿ ಬರೆದಿದ್ದ. ಆ ಲೆಕ್ಕಕ್ಕೆ ಗಡ್ಡೆಗಳ ಲೆಕ್ಕ ಕೂಡಿ ಬರಬೇಕಿತ್ತು.

ಹದಿನೆಂಟು ವರ್ಷ ಈ ಕೆಲಸವನ್ನು ಅವನು ಹೊಲದ ಮೂಲೆಯಲ್ಲಿ ಒಬ್ಬನೇ ಮಾಡಿದ್ದ. ಹೆಚ್ಚೆಂದರೆ ಕೆಲೆರಾ ಬುಟ್ಟಿ ಹಿಡಿಯುತ್ತಿದ್ದಳು. ಇವತ್ತು ಎರಡು ಊರು ಸುತ್ತ ಕೂತಿತ್ತು.

ಮೊದಲು ತೆಂಗಿನ ಗರಿಯದು. ಮೂವತ್ತೊಂದು ಗಡ್ಡೆ, ಪುಸ್ತಕದಲ್ಲೂ ಮೂವತ್ತೊಂದು. ಬುಟ್ಟಿಯ ತೂಕ ಕಳೆದು ಹದಿನೇಳೂವರೆ ಕಿಲೋ. ವಿಲಿಕೇಸ ಹೇಳಿದ ಕೂಡಲೇ ತೆಳುದನಿಯವರು "ಹದಿನೇಳೂವರೆ" ಎಂದು ಸಾವಿನ ಮನೆಯ ರಾಗದಲ್ಲಿ ಎಳೆದು ಹಾಡಿದರು. ಜನ ಹೊಟ್ಟೆ ಹಿಡಿದುಕೊಂಡರು. ದಾಸವಾಳದ ತೊಗಟೆಯದು ಮೂವತ್ತೇಳು ಗಡ್ಡೆ, ಮೂವತ್ತೆಂಟು ಕಿಲೋ. ಬಾಳೆಪಟ್ಟೆಯದು ನಲವತ್ತಕ್ಕೆ ನಲವತ್ತು, ನಲವತ್ತೊಂಬತ್ತು ಕಿಲೋ. ಒಂದೊಂದಕ್ಕೂ ಒಂದೊಂದು ರಾಗ. ಸಂಖ್ಯೆ ಏರಿದಷ್ಟೂ ದನಿ ಏರಿತು. ವಿಲಿಕೇಸ ಒಂದೊಂದು ಹಾಡು ಮುಗಿಯುವವರೆಗೆ ಕಾದು ಬರೆದ.

ಕೊನೆಗೆ ನಸುಗುನ್ನಿಯದು. ವಿಲಿಕೇಸ ಎಣಿಸಿದ. ಮತ್ತೆ ಎಣಿಸಿದ. ಮೂವತ್ತಾರು. ಪುಸ್ತಕದಲ್ಲಿ ಮೂವತ್ತೆಂಟು.

"ಎರಡು ಎಲ್ಲಿ?"

ದಪ್ಪದನಿಯವರ ಸಾಲಿನಲ್ಲಿ ಎಪೇಲಿ ಎಂಬ ಆನೆಯಂಥ ಗಂಡಸು ಆಕಾಶ ನೋಡುತ್ತಿದ್ದ. ಅವನ ತುಟಿಯ ಅಂಚಿನಲ್ಲಿ ಬೂದಿ ಮೆತ್ತಿತ್ತು.

"ಎಪೇಲಿ!" ಎಂದಳು ತರಾಯ್ವಿನಿ.

"ಬೆಳಿಗ್ಗೆಯಿಂದ ಹೊಟ್ಟೆಗೇನೂ ಇರ್ಲಿಲ್ಲ ಅಕ್ಕಾ. ಬೆಂಕಿ ಹೇಗೂ ಉರೀತಿತ್ತು..."

"ಎರಡೂ ತಿಂದ್ಯಾ?"

"ಒಂದು ತಿಂದ ಮೇಲೆ ಇನ್ನೊಂದು ಕರೀತು. ತೌವು, ಎಂಥಾ ಗಡ್ಡೆ! ಬೆಣ್ಣೆ ಬೆಣ್ಣೆ."

ನಗುವಿನ ಅಲೆ ಇಳಿಯಲು ಹೊತ್ತು ಹಿಡಿಯಿತು. ಮೂವತ್ತಾರನ್ನು ತೂಗಿದರೆ ನಲವತ್ತಾರೂವರೆ ಕಿಲೋ ಬಂತು. ಎಪೇಲಿ ಮುಂದೆ ಬಂದು ಕೈಯಗಲಿಸಿ ಅಳತೆ ತೋರಿಸಿದ. "ನನ್ನವು ಒಂದೊಂದು ಮೂರು ಕಿಲೋ ಇದ್ವು. ಆರು ಸೇರಿಸ್ಕೋ. ಐವತ್ತೆರಡೂವರೆ! ಎಲ್ರಿಗಿಂತ ನಾವೇ ಮೇಲೆ!"

"ಬರಿ, ಬರಿ!" ಎಂದು ಅಂಗಳ ಕೂಗಿತು. ತರಾಯ್ವಿನಿ ಎದ್ದು ನಿಂತಳು. "ಬರ್ಕೋ ಕಿಲೋ. ತಿಂದೋನೇ ಹೇಳ್ತಿದಾನೆ. ನಿನ್ನ ಬಳ್ಳಿ ತಾನೇ ಗೆಲ್ಲೋದು?"

ವಿಲಿಕೇಸ ಪುಸ್ತಕ ನೋಡಿದ. ಬಳ್ಳಿ ಗೆಲ್ಲಬೇಕೆಂದು ಅವನಿಗಿಂತ ಹೆಚ್ಚು ಆಸೆ ಪಟ್ಟವರು ಆ ದ್ವೀಪದಲ್ಲಿ ಯಾರಿದ್ದರು? ಊರ್ಮಿಳಾ ಅವನನ್ನೇ ನೋಡುತ್ತಿದ್ದಳು. ಅವನು ಆ ಮನೆಯಲ್ಲಿ ಬರೆದ: ನಲವತ್ತಾರೂವರೆ. ಕೆಳಗೆ ಸಣ್ಣಕ್ಷರದಲ್ಲಿ: ಮೂವತ್ತಾರು ಗಡ್ಡೆಗೆ. ಎರಡನ್ನು ತೌವು ತಿಂದದ್ದು, ತೂಗಿಲ್ಲ.

"ತೂಗದೇ ಇದ್ದದ್ದನ್ನ ನಾನು ಬರೆಯಲ್ಲ," ಎಂದ.

"ನಿಮಗೆ ಆ ಆರು ಕಿಲೋ ಬೇಕಾಗೂ ಇಲ್ಲ ಮೋಮೋ," ಎಂದಳು ಊರ್ಮಿಳಾ. "ಗಡ್ಡೆಗೊಂದರಂತೆ ಭಾಗಿಸಿದೆ. ಚೀಲದ ಗೊಬ್ಬರದ್ದು ಒಂದು ಕಿಲೋ ಮೇಲೆ ಚೂರು. ನಿಮ್ಮ ಬಳ್ಳೀದು ಒಂದೂ ಕಾಲು ದಾಟಿದೆ. ಅರ್ಧ ಗೊಬ್ಬರ ಹಾಕಿದ್ದಕ್ಕಿಂತ ಒಂದು ಕೂದಲೆಳೆ ಮೇಲೇ ಇದೆ. ಉಳಿದ ಎಂಟು ತಾಕು ಸೋಮವಾರ ನೋಡೋಣ, ಅವು ಏನೇ ಹೇಳ್ಲಿ, ಇಂಥಾ ಹೊತ್ತಲ್ಲಿ ನಿಲ್ಸೋಕಾಗಲ್ಲ ಅಂತ ನಾನು ಬರೀತೀನಿ. ಹದಿನಾರನೇ ಬೆಳೆಗೆ ಬಳ್ಳಿ ಬೀಜ ಸಿದ್ಧ ಮಾಡ್ಕೊಳಿ."

ವಿಲಿಕೇಸ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಒರೆಸಿದಷ್ಟೂ ಮಂಜಾಯಿತು.

"ಎಲ್ಲಾ ಸರಿ," ಎಂದಳು ತರಾಯ್ವಿನಿ, ಸೊಂಟಕ್ಕೆ ಕೈಯಿಟ್ಟು. "ಆದ್ರೆ ಇವ್ನು ನಮ್ಮ ಎಪೇಲಿ ಮಾತನ್ನ ನಂಬಲಿಲ್ಲ. ತೌವು ಮಾತಿಗೆ ಆರು ಕಿಲೋ ಬೆಲೆ ಕೊಡಲಿಲ್ಲ. ಇದಕ್ಕೇನು ಮಾಡೋಣ?"

"ಸಮುದ್ರಕ್ಕೆ!" ಎಂದು ದಪ್ಪದನಿಯವರು ಒಂದೇ ಶ್ರುತಿಯಲ್ಲಿ ಹಾಡಿದರು.

ಎಪೇಲಿಯೇ ಅವನನ್ನು ಸೊಂಟಕ್ಕೆ ಕೈಹಾಕಿ ಎತ್ತಿ ಹೆಗಲ ಮೇಲೆ ಹಾಕಿಕೊಂಡ. ವಿಲಿಕೇಸ ಪುಸ್ತಕವನ್ನು ಕೆಲೆರಾಳ ಕಡೆ ಎಸೆದ. ಅವಳು ಮಡಿಲೊಡ್ಡಿ ಹಿಡಿದುಕೊಂಡು, "ಕನ್ನಡಕಾನೂ ಕೊಡೋ ಕಿಲೋ!" ಎಂದು ಕೂಗುತ್ತಾ ಹಿಂದೆ ಓಡಿದಳು. ಮೇಳ ಮುಂದೆ, ಊರು ಹಿಂದೆ, ಎಲ್ಲರ ಬಾಯಲ್ಲೂ ನಲವತ್ತಾರೂವರೆಯ ಹಾಡು. ದಂಡೆಯಲ್ಲಿ ನಾಲ್ವರು ಕೈಕಾಲು ಹಿಡಿದು, ಒಂದು ಎರಡು ಮೂರು ಎಂದು ತೂಗಿ ಬಿಟ್ಟರು.

ಸೊಂಟದಾಳದ ನೀರಿನಿಂದ ಅವನು ಎದ್ದಾಗ ತಲೆಯ ಮೇಲೆ ಪಾಚಿಯಿತ್ತು. ಬಾಯಿಂದ ಉಪ್ಪುನೀರು ಉಗಿದು, ದಂಡೆಯ ಮೇಲೆ ನಗುತ್ತಿದ್ದ ಎರಡು ಊರಿಗೂ ಕೇಳುವಂತೆ ಕೂಗಿದ:

"ತೂಗಿದ್ದು ಮೂವತ್ತಾರೇ!"

ಅವರು ಮತ್ತೆ ಅವನನ್ನು ಹಿಡಿಯಲು ನೀರಿಗಿಳಿದರು.